ಬೆರಳಿಗೆ ಸಿಗದ ಗಮಕ: ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನನ್ನು ಕಚೇರಿಗೆ ತಂದ ಬಗೆ

ಮಂಗಳೂರು, ಉಡುಪಿಯ ಕಡೆಯವರಿಗೆ ಸ್ಯಾಕ್ಸೋಫೋನ್ ಪರದೇಶದ ವಾದ್ಯ ಅನ್ನಿಸುವುದೇ ಇಲ್ಲ. ದೇವಸ್ಥಾನದ ಬಲಿ ಉತ್ಸವ, ರಥೋತ್ಸವ, ಮದುವೆಯ ಧಾರೆ, ನಾಗಮಂಡಲ, ಎಷ್ಟೋ ಕಡೆ ದೈವದ ನೇಮ, ಎಲ್ಲೆಡೆ ಡೋಲಿನ ಜತೆ ಅದರ ದನಿ ಇದ್ದೇ ಇರುತ್ತದೆ. ಘಟ್ಟದ ಮೇಲಿನಿಂದ ಬಂದವರು ಇದನ್ನು ಕಂಡು ಅಚ್ಚರಿಪಟ್ಟರೆ ನಮ್ಮವರಿಗೆ ಆ ಅಚ್ಚರಿಯೇ ಅರ್ಥವಾಗುವುದಿಲ್ಲ. ಆದರೆ ಉತ್ಸವದಲ್ಲಿ ನುಡಿಸುವುದಕ್ಕೂ ಎರಡೂವರೆ ಗಂಟೆಯ ಕರ್ನಾಟಕ ಸಂಗೀತ ಕಚೇರಿಯಲ್ಲಿ ತೋಡಿ ರಾಗವನ್ನೋ ಭೈರವಿ ರಾಗವನ್ನೋ ಹರಡಿ ಆಲಾಪನೆ ಮಾಡುವುದಕ್ಕೂ ನಡುವೆ ದೊಡ್ಡ ಅಂತರವಿದೆ. ಆ ಅಂತರವನ್ನು ದಾಟಿದವರಲ್ಲಿ ಮೊದಲ ಹೆಸರು ಕದ್ರಿ ಗೋಪಾಲನಾಥರದು. ಅವರ ಬದುಕನ್ನು ಪ್ರಶಸ್ತಿಗಳ ಪಟ್ಟಿಯಾಗಿ ಹೇಳುವುದು ಸುಲಭ. ಅವರು ಬಿಡಿಸಿದ ತಾಂತ್ರಿಕ ಗಂಟು ಯಾವುದು ಎಂದು ತಿಳಿಯದೆ ಹೋದರೆ ಆ ಪಟ್ಟಿಗೆ ತೂಕ ಬರುವುದಿಲ್ಲ.

ಸಜಿಪಮೂಡದಿಂದ ಚೆನ್ನೈವರೆಗೆ

ಗೋಪಾಲನಾಥರು ಹುಟ್ಟಿದ್ದು 1949ರಲ್ಲಿ, ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಹಾಗಾಗಿ ಗಾಳಿ ಊದುವ ಕಸುಬು, ತಾಳದ ಲೆಕ್ಕ, ಉತ್ಸವದ ಶಿಸ್ತು ಎಲ್ಲ ಮನೆಯಲ್ಲೇ ಇತ್ತು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತದ್ದು ಹುಡುಗನಾಗಿದ್ದಾಗ. ಮೈಸೂರಿನ ಒಡೆಯರು ಪಾಶ್ಚಾತ್ಯ ಬ್ಯಾಂಡನ್ನೂ ಸಾಕಿದ್ದರಿಂದಲೇ, ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ಈ ಹಿತ್ತಾಳೆಯ ವಾದ್ಯ ಕರಾವಳಿಯ ಒಬ್ಬ ನಾಗಸ್ವರದವರ ಮಗನ ಕಣ್ಣಿಗೆ ಬಿತ್ತು.

ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಪಾಠ. ಆಮೇಲೆ ಚೆನ್ನೈಯಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಶಿಷ್ಯತ್ವ. ಈ ಎರಡನೆಯ ಹೆಸರಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಟಿ.ವಿ.ಜಿ. ಸ್ಯಾಕ್ಸೋಫೋನ್ ವಾದಕರಲ್ಲ. ಮೃದಂಗ ವಿದ್ವಾಂಸರು, ಹಾಡುಗಾರರು, ಚೆಂಬೈ ವೈದ್ಯನಾಥ ಭಾಗವತರ ಶಿಷ್ಯರು. ಯಾವ ಬೆರಳನ್ನು ಎಲ್ಲಿ ಇಡಬೇಕೆಂದು ಅವರು ಹೇಳಿಕೊಡುವುದು ಸಾಧ್ಯವಿರಲಿಲ್ಲ. ಹಾಡಿ ತೋರಿಸಬಹುದಿತ್ತು, ಹಾಡಿದ್ದು ವಾದ್ಯದಲ್ಲಿ ಬಂದಿದೆಯೇ ಇಲ್ಲವೇ ಎಂದು ತೀರ್ಪು ಕೊಡಬಹುದಿತ್ತು. ಕರ್ನಾಟಕ ಸಂಗೀತದ ಕಚೇರಿ ಸ್ಯಾಕ್ಸೋಫೋನಿಗೆ ಸಿದ್ಧ ಬೆರಳಪಾಠ ಇಲ್ಲದ ಕಾಲದಲ್ಲಿ ಇದೇ ಸರಿಯಾದ ದಾರಿಯಾಗಿತ್ತು. ಪಾಶ್ಚಾತ್ಯ ಪದ್ಧತಿಯ ಸ್ಯಾಕ್ಸೋಫೋನ್ ಶಿಕ್ಷಕರೊಬ್ಬರು ಸಿಕ್ಕಿದ್ದರೆ ಕೈ ಬೇಗ ಓಡುತ್ತಿತ್ತು, ಆದರೆ ಬಾಯಿ ಬೇರೆಯೇ ಅಭ್ಯಾಸಕ್ಕೆ ಬೀಳುತ್ತಿತ್ತು.

ಹೊರಗಿನ ವಾದ್ಯ ಒಳಗೆ ಬಂದದ್ದು ಇದೇ ಮೊದಲೇನಲ್ಲ. ಬಾಲುಸ್ವಾಮಿ ದೀಕ್ಷಿತರ ಕಾಲದಲ್ಲಿ ಪಿಟೀಲು ಬಂತು. ಎ.ಕೆ.ಸಿ. ನಟರಾಜನ್ ಕ್ಲಾರಿನೆಟ್ ತಂದರು, ಯು. ಶ್ರೀನಿವಾಸ್ ಮ್ಯಾಂಡೊಲಿನ್ ತಂದರು. ಇವುಗಳಲ್ಲಿ ಪಿಟೀಲಿನ ಕೆಲಸ ಎಲ್ಲಕ್ಕಿಂತ ಸುಲಭ ಎನ್ನಬೇಕು. ಅದಕ್ಕೆ ಮೆಟ್ಟಿಲುಗಳಿಲ್ಲ, ತಂತಿಯ ಮೇಲೆ ಬೆರಳು ಜಾರಿದ ಕಡೆ ಸ್ವರ. ಸ್ಯಾಕ್ಸೋಫೋನಿನ ಕಷ್ಟ ಅದರ ರಚನೆಯಲ್ಲೇ ಇದೆ.

ತೂತು ಬೆರಳಿಗೆ ಸಿಗುವುದಿಲ್ಲ

ಕೊಳಲಿನಲ್ಲಿ ಬೆರಳು ನೇರವಾಗಿ ತೂತಿನ ಮೇಲೆ ಕೂರುತ್ತದೆ. ತೂತನ್ನು ಕಾಲು ಭಾಗ, ಅರ್ಧ, ಮುಕ್ಕಾಲು ಮುಚ್ಚಬಹುದು, ಬೆರಳನ್ನು ಉರುಳಿಸಿ ಸರಿಸಬಹುದು. ನಾಗಸ್ವರದಲ್ಲೂ ಅಷ್ಟೆ, ಮೇಲಾಗಿ ಎರಡು ಎಲೆಯ ಪೀಪಿಯನ್ನು ತುಟಿಯಿಂದ ಒತ್ತಿ ಸ್ವರವನ್ನು ಬೇಕಾದಷ್ಟು ಎಳೆಯಬಹುದು. ಸ್ವರವನ್ನು ಜಾರಿಸಿ, ತೂಗಿಸಿ ಬರಿಸುವ ಗಮಕಗಳು, ಅಂದರೆ ಜಾರು, ಕಂಪಿತ, ನೊಕ್ಕು ಎಲ್ಲ ಹುಟ್ಟುವುದು ಹೀಗೆ.

ಸ್ಯಾಕ್ಸೋಫೋನಿನ ಕೊಳವೆ ಬಾಯಿಯ ಕಡೆ ಕಿರಿದಾಗಿ, ತುದಿಗೆ ಹೋಗುತ್ತ ಅಗಲವಾಗುವ ಶಂಕುವಿನಾಕಾರದ್ದು. ತೂತುಗಳು ದೊಡ್ಡವು, ಕೆಳಗೆ ಹೋದಂತೆ ಇನ್ನೂ ದೊಡ್ಡವು. ಅವನ್ನು ಮುಚ್ಚುವುದು ಬೆರಳಲ್ಲ, ತೊಗಲು ಹೊದಿಸಿದ ಪ್ಯಾಡು. ಬೆರಳು ಕೀಲಿಯನ್ನು ಒತ್ತುತ್ತದೆ, ಕೀಲಿ ಸರಳನ್ನು ತಿರುಗಿಸುತ್ತದೆ, ಸರಳು ಪ್ಯಾಡನ್ನು ಕೂರಿಸುತ್ತದೆ. ಕೆಲವು ಕೀಲಿ ಒತ್ತಿದರೆ ಎರಡು ಮೂರು ಪ್ಯಾಡುಗಳು ಒಟ್ಟಿಗೆ ಇಳಿಯುತ್ತವೆ. ಯುರೋಪಿನ ಬ್ಯಾಂಡಿಗೆ ಬೇಕಾದದ್ದು ಇದೇ: ಒತ್ತಿದರೆ ಸ್ವರ, ಬಿಟ್ಟರೆ ಮುಂದಿನ ಸ್ವರ, ನಡುವೆ ಏನೂ ಇರಬಾರದು. ಕರ್ನಾಟಕ ಸಂಗೀತಕ್ಕೆ ಬೇಕಾದದ್ದು ಸರಿಯಾಗಿ ಆ ನಡುವಿನ ಜಾಗ.

ಹಾಗಾದರೆ ಗಮಕ ಎಲ್ಲಿಂದ ಬರಬೇಕು? ಮೂರು ದಾರಿಗಳಿವೆ, ಮೂರೂ ಸೇರಿದರೆ ಮಾತ್ರ ಕೆಲಸ ಆಗುತ್ತದೆ.

ಮೊದಲನೆಯದು ತುಟಿ ಮತ್ತು ದವಡೆ. ಮೌತ್‌ಪೀಸಿನ ಕೆಳಗೆ ಬಿದಿರಿನ ಜಾತಿಯ ಹುಲ್ಲಿನಿಂದ ಮಾಡಿದ ಒಂದೇ ಎಲೆಯ ರೀಡು ಇರುತ್ತದೆ. ಕೆಳತುಟಿ ಅದಕ್ಕೆ ಮೆತ್ತೆ. ದವಡೆ ಸಡಿಲಿಸಿದರೆ ಶ್ರುತಿ ಇಳಿಯುತ್ತದೆ, ಬಿಗಿದರೆ ಏರುತ್ತದೆ. ಆದರೆ ಎರಡೂ ಸಮ ಅಲ್ಲ. ಇಳಿಸುವುದಕ್ಕೆ ಬೇಕಾದಷ್ಟು ಅವಕಾಶವಿದೆ, ಮೇಲಿನ ಸ್ಥಾಯಿಯಲ್ಲಂತೂ ಒಂದು ಸ್ವರಸ್ಥಾನಕ್ಕಿಂತ ಹೆಚ್ಚೇ ಇಳಿಸಬಹುದು. ಏರಿಸುವ ಅವಕಾಶ ತೀರ ಕಡಿಮೆ, ಬಿಗಿದಷ್ಟೂ ದನಿ ಹಿಂಡಿಹೋಗುತ್ತದೆ. ಕೆಳಗಿನ ಸ್ಥಾಯಿಯಾದ ಮಂದ್ರದಲ್ಲಿ ಇಳಿಸುವುದೂ ಕಷ್ಟ. ಹೀಗಾಗಿ ನುರಿತವರು ಮೇಲಿನ ಸ್ವರದ ಬೆರಳನ್ನು ಮೊದಲೇ ಇಟ್ಟು, ತುಟಿಯಿಂದ ಅದನ್ನು ಕೆಳಗೆ ಹಿಡಿದಿಟ್ಟು, ಆಮೇಲೆ ಬಿಡುತ್ತಾರೆ. ಕೇಳುವವರಿಗೆ ಕೆಳಗಿನಿಂದ ಮೇಲೆ ಜಾರಿದ ಹಾಗೆ ಕೇಳುತ್ತದೆ.

ಎರಡನೆಯದು ನಾಲಗೆಯ ಹಿಂಭಾಗ ಮತ್ತು ಗಂಟಲು. ಹಾಡುವಾಗ ‘ಆ’ ಎಂಬುದರಿಂದ ‘ಈ’ ಎಂಬುದಕ್ಕೆ ಹೋದರೆ ಬಾಯೊಳಗೆ ಆಗುವ ಬದಲಾವಣೆಯೇ ಇಲ್ಲೂ ಆಗಬೇಕು. ಕಣ್ಣಿಗೆ ಕಾಣದ್ದರಿಂದ ಕಲಿಸಲು ಎಲ್ಲಕ್ಕಿಂತ ಕಷ್ಟವಾದದ್ದು ಇದು. ಹಾಡಿ ಅಭ್ಯಾಸವಿಲ್ಲದವರಿಗೆ ಇದು ಕೈಗೆ ಹತ್ತುವುದು ತುಂಬ ನಿಧಾನ.

ಮೂರನೆಯದು ಕೀಲಿಯನ್ನು ನಿಧಾನವಾಗಿ ಎತ್ತುವುದು. ಪ್ಯಾಡು ತೂತಿನಿಂದ ಕೂದಲೆಳೆಯಷ್ಟು ಮೇಲೆದ್ದಾಗ ಶ್ರುತಿ ಏರತೊಡಗುತ್ತದೆ, ಆದರೆ ದನಿ ಮಂಕಾಗುತ್ತದೆ. ಆ ಮಂಕನ್ನು ಉಸಿರು ಹೆಚ್ಚಿಸಿ ತುಂಬಬೇಕು.

ತೋಡಿಯ ಗಾಂಧಾರವನ್ನು ಹತ್ತಿರದಿಂದ ನೋಡಿದರೆ ಇದೆಲ್ಲ ಸ್ಪಷ್ಟವಾಗುತ್ತದೆ. ಆ ಗಾಂಧಾರ ಸಾಧಾರಣ ಗಾಂಧಾರ ಎಂದು ಪುಸ್ತಕದಲ್ಲಿದೆ. ಹಾರ್ಮೋನಿಯಂನಲ್ಲಿ ಆ ಮನೆಯನ್ನು ಒತ್ತಿ ಹಿಡಿದರೆ ತೋಡಿ ಕೇಳಿಸುವುದೇ ಇಲ್ಲ. ಹಾಡುಗಾರರಲ್ಲಿ ಅದು ರಿಷಭದ ಹತ್ತಿರದಿಂದ ಎದ್ದು ಮಧ್ಯಮದ ಅಂಚನ್ನು ಮುಟ್ಟಿ ಮರಳುವ ತೂಗು. ಸ್ಯಾಕ್ಸೋಫೋನಿನಲ್ಲಿ ಬೆರಳನ್ನೇ ನಂಬಿ ರಿ-ಗ-ಮ ಎಂದು ಬೇಗ ಆಡಿಸಿದರೆ ಮೂರು ಮೆಟ್ಟಿಲು ಬೇರೆ ಬೇರೆಯಾಗಿ ಕೇಳುತ್ತವೆ. ದವಡೆಯನ್ನೇ ನಂಬಿ ಎಳೆದರೆ ಆಂಬ್ಯುಲೆನ್ಸಿನ ಸೈರನ್ ಕೂಗಿದಂತಿರುತ್ತದೆ. ಸರಿಯಾದ ಕ್ರಮದಲ್ಲಿ ಬೆರಳು ಮಧ್ಯಮದ ಕಡೆಗೆ ಅರೆ ತೆರೆಯುತ್ತದೆ, ಅದೇ ಹೊತ್ತಿಗೆ ದವಡೆ ಸಡಿಲವಾಗಿ ಶ್ರುತಿಯನ್ನು ಕೆಳಕ್ಕೆ ಹಿಡಿಯುತ್ತದೆ, ತೂಗಿನ ಮೇಲ್ತುದಿಯಲ್ಲಿ ಒಂದು ಕ್ಷಣ ಬಿಟ್ಟುಕೊಡುತ್ತದೆ, ಮತ್ತೆ ಹಿಡಿಯುತ್ತದೆ. ಉಸಿರು ಮಾತ್ರ ಎಲ್ಲೂ ಅಲುಗಬಾರದು. ಮೊದಲು ಒಂದು ತೂಗಿಗೆ ಎರಡು ಸೆಕೆಂಡು ಕೊಟ್ಟು, ಬಂದ ಮೇಲೆ ಒಂದು ಸೆಕೆಂಡು, ಅನಂತರ ಅರ್ಧಕ್ಕೆ ಇಳಿಸಬೇಕು. ಬೇಗನೆ ಶುರುಮಾಡಿದವರಿಗೆ ಕಂಪನ ಬರುತ್ತದೆ, ಗಮಕ ಬರುವುದಿಲ್ಲ. ಈಚೆಗೆ ಕೇಳಿಬರುವ ವಾದನದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷವೇ ಇದು: ಜಾಝ್‌ನವರ ನಡುಗುವ ದನಿಯನ್ನು ಎಲ್ಲ ಸ್ವರಕ್ಕೂ ಹಚ್ಚಿ ಅದನ್ನೇ ಕಂಪಿತ ಎಂದುಕೊಳ್ಳುವುದು.

ಗೋಪಾಲನಾಥರು ವಾದ್ಯದಲ್ಲೂ ತಮಗೆ ಬೇಕಾದ ಕೆಲವು ಮಾರ್ಪಾಡು ಮಾಡಿಕೊಂಡಿದ್ದರು. ಅದರ ಬಗ್ಗೆ ಜನ ಮಾತಾಡುವುದೂ ಜಾಸ್ತಿ. ಆದರೆ ಮಾರ್ಪಡಿಸಿದ ವಾದ್ಯ ಕೈಗೆ ಬಂದ ಮಾತ್ರಕ್ಕೆ ಗಮಕ ಬರುವುದಾಗಿದ್ದರೆ ಇಷ್ಟು ಹೊತ್ತಿಗೆ ಎಲ್ಲರಿಗೂ ಬರಬೇಕಿತ್ತು. ಅವರ ದೊಡ್ಡ ಗಳಿಕೆ ಇದ್ದದ್ದು ತುಟಿಯಿಂದ ಗಂಟಲಿನವರೆಗಿನ ನಾಲ್ಕು ಇಂಚಿನಲ್ಲಿ.

ಷಡ್ಜವನ್ನು ಎಲ್ಲಿ ಇಡಬೇಕು

ಹಾಡುಗಾರರು ತಮ್ಮ ಗಂಟಲಿಗೆ ಒಗ್ಗುವ ಮನೆಯನ್ನು, ಅಂದರೆ ಆಧಾರ ಸ್ವರವಾದ ಷಡ್ಜದ ಎತ್ತರವನ್ನು, ಆರಿಸುತ್ತಾರೆ. ಸ್ಯಾಕ್ಸೋಫೋನಿನವರು ವಾದ್ಯದ ದೋಷಗಳನ್ನು ಲೆಕ್ಕ ಹಾಕಿ ಆರಿಸಬೇಕು. ಕಚೇರಿಗೆ ಸಾಮಾನ್ಯವಾಗಿ ಬಳಸುವುದು ಆಲ್ಟೊ ಎಂಬ ನಡುಗಾತ್ರದ ಸ್ಯಾಕ್ಸೋಫೋನ್. ಅದರಲ್ಲಿ ಬೆರಳಿನ ಹೆಸರು ಒಂದು, ಕೇಳುವ ಸ್ವರ ಇನ್ನೊಂದು: ಪುಸ್ತಕದಲ್ಲಿ ‘ಸಿ’ ಎಂದು ಬರೆದದ್ದನ್ನು ಊದಿದರೆ ಹಾರ್ಮೋನಿಯಂನ ಇ-ಫ್ಲ್ಯಾಟ್ ಕೇಳುತ್ತದೆ. ಪಾಶ್ಚಾತ್ಯ ಪುಸ್ತಕ ನೋಡಿ ಕಲಿಯಹೊರಟವರು ಮೊದಲ ವಾರವೇ ತಂಬೂರಿಯ ಜತೆ ಹೊಂದದೆ ತಲೆ ಕೆಡಿಸಿಕೊಳ್ಳುವುದು ಇದಕ್ಕೇ.

ಎಡಗೈಯ ಮೂರು ಬೆರಳು ಒತ್ತಿದ ಸ್ವರವನ್ನು ಷಡ್ಜ ಮಾಡಿಕೊಂಡೆವು ಎನ್ನಿ. ಕೇಳುವುದು ಬಿ-ಫ್ಲ್ಯಾಟ್, ಹಾರ್ಮೋನಿಯಂನ ಕಪ್ಪು ಐದು, ಕಚೇರಿಯವರ ಲೆಕ್ಕದಲ್ಲಿ ಆರೂವರೆ ಮನೆ. ಎರಡು ಬೆರಳಿಗೆ ಚತುಶ್ರುತಿ ರಿಷಭ, ತೋರುಬೆರಳೊಂದಕ್ಕೆ ಅಂತರ ಗಾಂಧಾರ, ನಡುಬೆರಳೊಂದಕ್ಕೆ ಶುದ್ಧ ಮಧ್ಯಮ, ಎಲ್ಲ ಬೆರಳನ್ನೂ ಎತ್ತಿದರೆ ಪ್ರತಿ ಮಧ್ಯಮ. ಇಲ್ಲಿಯವರೆಗೆ ಸಲೀಸು. ಪಂಚಮಕ್ಕೆ ಹೋಗಬೇಕಾದರೆ ಒಮ್ಮೆಲೆ ಆರು ಬೆರಳೂ ಇಳಿಯಬೇಕು, ಜತೆಗೆ ಎಡ ಹೆಬ್ಬೆರಳು ಸ್ಥಾಯಿ ಏರಿಸುವ ಆಕ್ಟೇವ್ ಕೀಲಿಯನ್ನು ಒತ್ತಬೇಕು. ಕೊಳವೆಯ ಉದ್ದ ಅತಿ ಗಿಡ್ಡದಿಂದ ಉದ್ದಕ್ಕೆ ಒಂದೇ ನೆಗೆತ. ಬೆರಳುಗಳು ಕೂದಲೆಳೆಯಷ್ಟು ಹಿಂದೆ ಮುಂದೆ ಆದರೂ ನಡುವೆ ಒಂದು ಕೀರಲು ಸ್ವರ ಇಣುಕುತ್ತದೆ. ಕಲ್ಯಾಣಿಯ ಮ-ಪ-ಮ ಎಂಬ ಸಣ್ಣ ತಿರುವು ಈ ವಾದ್ಯದಲ್ಲಿ ದೊಡ್ಡ ಕಸರತ್ತಾಗುವುದು ಹೀಗೆ. ಮೇಲಾಗಿ, ಎಲ್ಲ ಬೆರಳೆತ್ತಿದ ಸ್ವರ ಸಣಕಲು, ಆರು ಬೆರಳು ಒತ್ತಿದ ಈ ಮೇಲಿನ ಸ್ವರ ಏರುವ ಚಾಳಿಯದ್ದು. ಅಂದರೆ, ಕದಲಲೇಬಾರದ ಪಂಚಮ ವಾದ್ಯದ ಅತ್ಯಂತ ಚಂಚಲ ಜಾಗದಲ್ಲಿ ಬಂದು ಕೂತಿದೆ. ಪ್ರತಿ ಸಲವೂ ದವಡೆಯನ್ನು ಸ್ವಲ್ಪ ಸಡಿಲಿಸಿಯೇ ಅಲ್ಲಿ ನಿಲ್ಲಬೇಕು.

ಒಂದು ಮನೆ ಕೆಳಗಿಳಿದು, ಕಪ್ಪು ನಾಲ್ಕರಲ್ಲಿ, ಅಂದರೆ ಐದೂವರೆ ಮನೆಯಲ್ಲಿ ಷಡ್ಜ ಇಟ್ಟರೆ ಪಂಚಮ ನಡುಬೆರಳಿನ ಸ್ವರವಾಗಿ ಗಟ್ಟಿ ನಿಲ್ಲುತ್ತದೆ. ಬದಲಿಗೆ ಆ ನೆಗೆತ ಶುದ್ಧ ಧೈವತ ಮತ್ತು ಚತುಶ್ರುತಿ ಧೈವತಗಳ ನಡುವೆ ಬರುತ್ತದೆ. ಮಂದ್ರದ ಆಳವೂ ಕಡಿಮೆಯಾಗುತ್ತದೆ: ಕಪ್ಪು ಐದರಲ್ಲಿ ಮಂದ್ರ ಸಾಧಾರಣ ಗಾಂಧಾರದವರೆಗೆ ಇಳಿಯಬಹುದು, ಕಪ್ಪು ನಾಲ್ಕರಲ್ಲಿ ಮಂದ್ರ ಶುದ್ಧ ಮಧ್ಯಮಕ್ಕೇ ಮುಗಿಯಿತು. ಕಚೇರಿಗೆ ಮಂದ್ರ ಪಂಚಮದಿಂದ ತಾರ ಪಂಚಮದವರೆಗೆ ಇದ್ದರೆ ಸಾಕಾದ್ದರಿಂದ ಎರಡೂ ನಡೆಯುತ್ತವೆ. ವಿದ್ಯಾರ್ಥಿ ಯಾವುದಾದರೂ ಒಂದನ್ನು ಹಿಡಿದು ಅದರಲ್ಲೇ ಐದಾರು ವರ್ಷ ಉಳಿಯುವುದು ಒಳ್ಳೆಯದು. ಮದುವೆಯ ಸೆಟ್ಟಿನಲ್ಲಿ ಒಂದು ಶ್ರುತಿ, ಪಾಠದಲ್ಲಿ ಇನ್ನೊಂದು ಎಂದು ಓಡಾಡಿದರೆ ದವಡೆಗೆ ಸ್ವರಸ್ಥಾನದ ನೆನಪು ಕೂರುವುದೇ ಇಲ್ಲ.

ಇನ್ನೊಂದು ಸೂಕ್ಷ್ಮ. ವಾದ್ಯವನ್ನು ಕಾರ್ಖಾನೆಯಲ್ಲಿ ಸಮಾನ ಅಂತರದ ಹನ್ನೆರಡು ಸ್ವರಸ್ಥಾನಗಳಿಗೆ ಮಾಡಿರುತ್ತಾರೆ. ಶ್ರುತಿಯನ್ನು ಅಳೆಯುವ ಸೆಂಟ್ ಲೆಕ್ಕದಲ್ಲಿ ಒಂದೊಂದು ಅಂತರಕ್ಕೆ 100 ಸೆಂಟ್. ಆ ಲೆಕ್ಕದಲ್ಲಿ ಅಂತರ ಗಾಂಧಾರ 400 ಸೆಂಟ್. ತಂಬೂರಿಯ ಷಡ್ಜದೊಳಗಿಂದ ತಾನಾಗಿ ಕೇಳುವ ಗಾಂಧಾರ ಸುಮಾರು 386. ಈ 14 ಸೆಂಟಿನ ವ್ಯತ್ಯಾಸವನ್ನು ತಂಬೂರಿ ಇಟ್ಟುಕೊಂಡು, ಕಿವಿಯಿಂದ ಕೇಳಿ, ತುಟಿಯಿಂದ ಇಳಿಸಬೇಕು. ಮೊಬೈಲಿನ ಟ್ಯೂನರ್ ಹಸಿರು ತೋರಿಸಿತು ಎಂದು ನಂಬಿದವರ ಶಂಕರಾಭರಣ ಸದಾ ಕೊಂಚ ಚುರುಕಾಗಿ, ಬ್ಯಾಂಡಿನದರ ಹಾಗೆ ಕೇಳುತ್ತದೆ.

ಉಸಿರು, ನಾಲಗೆ, ಸಾಹಿತ್ಯ

ಕೃತಿಗೆ ಮಾತಿದೆ, ವಾದ್ಯಕ್ಕೆ ಮಾತಿಲ್ಲ. ಆ ಮಾತನ್ನು ನಾಲಗೆಯ ತುದಿಯಿಂದ ರೀಡನ್ನು ತಟ್ಟಿ ಸೂಚಿಸುತ್ತಾರೆ. ತುತ್ತುಕಾರ ಅನ್ನುವುದು ಇದನ್ನೇ. ಪ್ರತಿ ಸ್ವರಕ್ಕೂ ತಟ್ಟಿದರೆ ಬ್ಯಾಂಡು, ಎಲ್ಲೂ ತಟ್ಟದಿದ್ದರೆ ಮಾತು ಕರಗಿ ಬರೀ ಸ್ವರದ ಹರಿವು. ಸಾಹಿತ್ಯದ ಅಕ್ಷರ ಬೀಳುವಲ್ಲಿ ಮಾತ್ರ ತಟ್ಟಿ, ಅಕ್ಷರದ ಎಳೆತದಲ್ಲಿ ಬರುವ ಸಂಗತಿಗಳನ್ನು (ಸಾಲಿನ ಬಗೆಬಗೆಯ ತಿರುವುಗಳನ್ನು) ಒಂದೇ ಉಸಿರಿನಲ್ಲಿ ಸಾಗಿಸಬೇಕು. ಉಸಿರು ತೆಗೆಯುವ ಜಾಗವನ್ನೂ ಸಾಹಿತ್ಯವೇ ನಿರ್ಧರಿಸುತ್ತದೆ. ‘ಗಣಪತಿಂ’ ಎಂಬ ಪದವನ್ನು ‘ಗಣ’ ಎಂಬಲ್ಲಿ ತುಂಡರಿಸಿದರೆ ಕೃತಿ ಗೊತ್ತಿರುವವರು ಮುಖ ಸಿಂಡರಿಸುತ್ತಾರೆ. ಹಾಗಾಗಿ ವಾದ್ಯದವರೂ ಸಾಹಿತ್ಯ ಬಾಯಿಪಾಠ ಮಾಡಲೇಬೇಕು. ಉಡುಪಿ ಕೃಷ್ಣಮಠದ ರಾಜಾಂಗಣದಲ್ಲಿ ದಾಸರ ಪದ ನುಡಿಸುವಾಗ ಎದುರಿಗೆ ಕೂತವರಲ್ಲಿ ಅರ್ಧ ಜನರಿಗೆ ಆ ಪದ ಬಾಯಿಗೆ ಬರುತ್ತದೆ. ಅಲ್ಲಿ ತಪ್ಪಿಸಿಕೊಳ್ಳುವ ದಾರಿಯಿಲ್ಲ.

ಹೊಸಬರಿಗೆ ರೀಡು ಎರಡು ಅಥವಾ ಎರಡೂವರೆ ನಂಬರಿನದು ಸಾಕು. ನಂಬರು ಹೆಚ್ಚಾದಷ್ಟೂ ರೀಡು ಗಟ್ಟಿ, ಗಟ್ಟಿ ರೀಡಿನಲ್ಲಿ ದನಿ ದಪ್ಪ, ಆದರೆ ತೂಗು ಬರಿಸಲು ತುಟಿ ದಣಿಯುತ್ತದೆ. ದೊಡ್ಡವರು ಮೂರೂವರೆ ಊದುತ್ತಾರೆಂದು ಮೊದಲೇ ಅದನ್ನು ಕೊಂಡು ಕಚ್ಚಿ ಊದುವುದು ಸಾಮಾನ್ಯ ಎಡವಟ್ಟು. ಕಚ್ಚುವ ಅಭ್ಯಾಸ ಬಿದ್ದರೆ ತಾರಸ್ಥಾಯಿ ಏರುತ್ತದೆ, ಕೆಳತುಟಿಯ ಒಳಭಾಗ ಗಾಯವಾಗುತ್ತದೆ, ದವಡೆ ಸಡಿಲಿಸುವ ಸಾಮರ್ಥ್ಯವೇ ಹೋಗುತ್ತದೆ. ಡಬ್ಬಿಯಲ್ಲಿ ಬರುವ 10 ರೀಡುಗಳಲ್ಲಿ ಕಚೇರಿಗೆ ಒಗ್ಗುವುದು ಮೂರೋ ನಾಲ್ಕೋ. ಉಳಿದವು ಸಾಧನೆಗೆ. ಒಂದನ್ನೇ ಸವೆಸದೆ ನಾಲ್ಕನ್ನು ಸರದಿಯಲ್ಲಿ ಬಳಸಿದರೆ ಎಲ್ಲವೂ ಹೆಚ್ಚು ದಿನ ಬರುತ್ತವೆ.

ಸಾಧನೆಯ ಕ್ರಮವೂ ಗಾಯನದ್ದೇ. ಸರಳೆ, ಜಂಟಿ, ಅಲಂಕಾರ ಎಂಬ ಆರಂಭದ ಪಾಠಗಳನ್ನು ಮೊದಲು ಹಾಡಬೇಕು, ಆಮೇಲೆ ಊದಬೇಕು. ಬೆಳಗ್ಗೆ ಮೊದಲ ಇಪ್ಪತ್ತು ನಿಮಿಷ ಬರೀ ದೀರ್ಘ ಸ್ವರ: ಮಂದ್ರ ಪಂಚಮದಿಂದ ಶುರುಮಾಡಿ ಒಂದೊಂದನ್ನೂ ತಂಬೂರಿಯ ಜತೆ ಹದಿನೈದು ಸೆಕೆಂಡು, ಸಣ್ಣಗೆ ಹುಟ್ಟಿಸಿ, ತುಂಬಿಸಿ, ಮತ್ತೆ ಸಣ್ಣದಾಗಿಸಿ. ಸಣ್ಣದಾಗುವಾಗ ಶ್ರುತಿ ಏರದಿದ್ದರೆ ಬಾಯಿ ಸರಿಯಿದೆ ಎಂದು ಅರ್ಥ. ಮಾಯಾಮಾಳವಗೌಳದಲ್ಲಿ ಮೂರು ಕಾಲ (ವೇಗ) ಬಂದ ಮೇಲೆ ಗೀತೆ, ವರ್ಣ. ವರ್ಣಕ್ಕೆ ಬರುವ ಮೊದಲೇ ಸಿನಿಮಾ ಹಾಡಿಗೆ ಕೈ ಹಾಕಬಾರದು ಎಂಬ ನಿಯಮ ಹಳೆಯ ಗುರುಗಳಲ್ಲಿತ್ತು. ಕಾರಣವಿದೆ. ಸಿನಿಮಾ ಹಾಡು ಬೆರಳಿಗೇ ಒಪ್ಪಿಬಿಡುತ್ತದೆ, ದವಡೆಗೆ ಕೆಲಸವಿಲ್ಲ. ಒಮ್ಮೆ ಮೆಚ್ಚುಗೆ ಸಿಕ್ಕಿತೆಂದರೆ ಹಿಂದೆ ತಿರುಗಿ ತೂಗು ಕಲಿಯುವ ತಾಳ್ಮೆ ಯಾರಿಗಿದೆ?

ವೇದಿಕೆಯ ಮೇಲೆ

ಪಾಶ್ಚಾತ್ಯರು ನಿಂತು ಅಥವಾ ಕುರ್ಚಿಯಲ್ಲಿ ಕೂತು ನುಡಿಸುವ ವಾದ್ಯವನ್ನು ನಮ್ಮಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ನುಡಿಸಬೇಕು. ಆಲ್ಟೊದ ತೂಕ ಸುಮಾರು ಎರಡೂವರೆ ಕಿಲೊ. ಕೊರಳಪಟ್ಟಿ ಉದ್ದವಾದರೆ ತಲೆ ಬಗ್ಗುತ್ತದೆ, ಗಂಟಲು ಮಡಚುತ್ತದೆ, ಉಸಿರು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೌತ್‌ಪೀಸು ತಾನಾಗಿ ಬಾಯಿಗೆ ಬರುವಷ್ಟು ಪಟ್ಟಿಯನ್ನು ಏರಿಸಿಕೊಳ್ಳಬೇಕು. ಕೆಳಗಿನ ಪ್ಯಾಡುಗಳಿಗೆ ಶಾಲಿನ ಅಂಚು, ಪಂಚೆಯ ನೆರಿಗೆ ಸಿಕ್ಕದ ಹಾಗೆ ನೋಡಿಕೊಳ್ಳಬೇಕು. ಸನ್ಮಾನದ ಶಾಲು ಹೊದ್ದುಕೊಂಡೇ ನುಡಿಸಲು ಕೂತರೆ ಮಂದ್ರ ಕೆಡುವುದು ಖಂಡಿತ.

ಮೈಕನ್ನು ವಾದ್ಯದ ತುದಿಯ ಅಗಲ ಬಾಯಿಗೆ, ಅಂದರೆ ಬೆಲ್ಲಿಗೆ, ಇಡುವುದು ಧ್ವನಿವರ್ಧಕದವರ ಸಾಮಾನ್ಯ ತಪ್ಪು. ದನಿ ಹೊರಬರುವುದು ಹೆಚ್ಚಾಗಿ ತೆರೆದ ತೂತುಗಳಿಂದ. ಬೆಲ್ಲಿಗೆ ಮೈಕ್ ಇಟ್ಟರೆ ಮಂದ್ರ ಗುಮ್ಮೆನ್ನುತ್ತದೆ, ಮಧ್ಯ ಸ್ಥಾಯಿ ಸೊರಗುತ್ತದೆ. ಒಂದಡಿ ದೂರದಲ್ಲಿ, ವಾದ್ಯದ ನಡುಭಾಗಕ್ಕೆ ಮುಖ ಮಾಡಿ ಇಡಬೇಕು. ಇನ್ನೂ ಹತ್ತಿರ ಬಂದರೆ ಕೀಲಿಗಳ ಟಕಟಕ ಕೇಳುತ್ತದೆ.

ಪಕ್ಕವಾದ್ಯದವರಿಗೆ ಶ್ರುತಿಯನ್ನು ಮೊದಲೇ ತಿಳಿಸಿರಬೇಕು. ಪಿಟೀಲಿನವರು ಬಿರಡೆ ತಿರುಗಿಸಿ ಹೊಂದಿಸಿಕೊಳ್ಳುತ್ತಾರೆ. ಮೃದಂಗಕ್ಕೆ ಅಷ್ಟು ಸ್ವಾತಂತ್ರ್ಯವಿಲ್ಲ: ಗಿಡ್ಡ ಮೃದಂಗ ಎತ್ತರದ ಶ್ರುತಿಗೆ, ಉದ್ದದ್ದು ತಗ್ಗು ಶ್ರುತಿಗೆ. ಸ್ಯಾಕ್ಸೋಫೋನಿನವರು ಹೊಂದಿಸಿಕೊಳ್ಳಬಲ್ಲದ್ದು ವಾದ್ಯದ ಬಾಗಿದ ಕತ್ತಿನ ಕಾರ್ಕಿನ ಮೇಲೆ ಮೌತ್‌ಪೀಸನ್ನು ಒಳಗೆ ಹೊರಗೆ ಸರಿಸುವಷ್ಟು ಮಾತ್ರ. ಒಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ. ಎಸಿ ಸಭಾಂಗಣದಲ್ಲಿ ತಣ್ಣಗಿದ್ದ ವಾದ್ಯಕ್ಕೆ ಶ್ರುತಿ ಸೇರಿಸಿ ವರ್ಣ ಶುರುಮಾಡಿದರೆ, ಅದು ಮುಗಿಯುವ ಹೊತ್ತಿಗೆ ಉಸಿರಿನ ಬಿಸಿಗೆ ಏರಿರುತ್ತದೆ. ಹತ್ತು ನಿಮಿಷ ಊದಿ ಬೆಚ್ಚಗಾದ ಮೇಲೆಯೇ ಶ್ರುತಿ ಸೇರಿಸಬೇಕು. ಮೃದಂಗದವರು ಒಬ್ಬರೇ ನುಡಿಸುವ ತನಿ ಆವರ್ತನದ ಹೊತ್ತಿಗೆ ವಾದ್ಯ ಮತ್ತೆ ತಣಿಯುತ್ತದೆ, ಆಗ ಸದ್ದಿಲ್ಲದೆ ಬಿಸಿ ಉಸಿರು ಬಿಡುತ್ತಿರುವವರನ್ನು ಗಮನಿಸಿರಬಹುದು.

ಎರಡು ಕಸುಬು

ಗೋಪಾಲನಾಥರಿಗೆ ದೊಡ್ಡ ತಿರುವು 1980ರ ಮುಂಬಯಿ ಜಾಝ್ ಉತ್ಸವದಲ್ಲಿ. ಅಮೆರಿಕದ ಆಲ್ಟೊ ವಾದಕ ಜಾನ್ ಹ್ಯಾಂಡಿ ಗೋಪಾಲನಾಥರ ವಾದನ ಕೇಳಿ ಜತೆಗೆ ನುಡಿಸಿದರು. ತಮ್ಮದೇ ವಾದ್ಯದಲ್ಲಿ ತಾವು ಕೇಳಿರದ ತೂಗು ಕೇಳಿದಾಗ ಜಾಝ್‌ನವರು ಕಿವಿ ನಿಮಿರಿಸಿದ್ದು ಸಹಜ. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರಾಮ್ಸ್ ಸಂಗೀತೋತ್ಸವದ ಕಚೇರಿ. ಅದೇ ವರ್ಷ ಎ.ಆರ್. ರಹಮಾನ್ ಸಂಗೀತದ ತಮಿಳು ಚಿತ್ರ ‘ಡ್ಯುಯೆಟ್’ ಅವರ ದನಿಯನ್ನು ಕಚೇರಿಗೆ ಬಾರದವರ ಮನೆಗೂ ಮುಟ್ಟಿಸಿತು. 1996ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2004ರಲ್ಲಿ ಪದ್ಮಶ್ರೀ. ಎ. ಕನ್ಯಾಕುಮಾರಿ ಅವರ ಪಿಟೀಲಿನ ಜತೆಗಿನ ಕಚೇರಿಗಳು ಅವರ ಒಳ್ಳೆಯ ಕೆಲಸಗಳಲ್ಲಿ ಸೇರುತ್ತವೆ. ಅಮೆರಿಕದ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಂತಪ್ಪ ಅವರ ಜತೆ ಮಾಡಿದ ಆಲ್ಬಮ್ ‘ಕಿನ್ಸ್‌ಮೆನ್’ ಬಂದದ್ದು 2008ರಲ್ಲಿ. ತೀರಿಕೊಂಡದ್ದು 2019ರ ಅಕ್ಟೋಬರ್ 11ರಂದು, ಮಂಗಳೂರಿನಲ್ಲಿ.

ಈ ಹೆಸರಿನ ಪ್ರಭಾವ ಊರಿನ ಮೇಲೆ ಆದ ಬಗೆ ಬೇರೆ. ನಾಗಸ್ವರ ಕಲಿಯುವ ಮಕ್ಕಳು ಕಡಿಮೆಯಾಗುತ್ತಿದ್ದ ಕಾಲಕ್ಕೆ ಸ್ಯಾಕ್ಸೋಫೋನಿಗೆ ಗೌರವ ಬಂತು. ಒಳ್ಳೆಯ ಪೀಪಿಗೆ ಅಲೆಯಬೇಕಿಲ್ಲ, ರೀಡು ಡಬ್ಬಿಯಲ್ಲಿ ಸಿಗುತ್ತದೆ. ನಾಗಸ್ವರದಷ್ಟು ದಮ್ಮು ಬೇಡ, ಸರಿಯಾದ ಬೆರಳಿಟ್ಟರೆ ಸ್ವರ ಹೆಚ್ಚುಕಡಿಮೆ ಸರಿಯಾಗೇ ಬರುತ್ತದೆ. ಭಜನೆ, ಸಿನಿಮಾ ಹಾಡು, ಮಂಗಳ ಎಲ್ಲವೂ ಒಂದೇ ವಾದ್ಯದಲ್ಲಿ. ಹೆಣ್ಣುಮಕ್ಕಳೂ ಧೈರ್ಯವಾಗಿ ಇದಕ್ಕೆ ಬಂದರು. ಹೀಗೆ ಕಸುಬು ಎರಡು ಕವಲಾಯಿತು: ಉತ್ಸವ-ಮದುವೆಯ ಸೇವೆ ಒಂದು, ಕಚೇರಿ ಇನ್ನೊಂದು.

ಸೇವೆಯ ಕಸುಬಿಗೆ ಕಾಲದ ಕಟ್ಟು ಇದೆ. ಮೇ ತಿಂಗಳ ಕೊನೆಯಲ್ಲಿ ಬರುವ ಪತ್ತನಾಜೆಗೆ ದೇವಸ್ಥಾನದ ಉತ್ಸವ, ನೇಮ, ಯಕ್ಷಗಾನ ಮೇಳ ಎಲ್ಲ ನಿಲ್ಲುತ್ತವೆ. ಮತ್ತೆ ಕೈತುಂಬ ಕೆಲಸ ಸಿಗುವುದು ದೀಪಾವಳಿಯ ಮೇಲೆ. ಋತುವಿನಲ್ಲಿ ರಾತ್ರಿ ಉತ್ಸವ, ಬೆಳಗ್ಗೆ ಧಾರೆ ಎಂದು ತುಟಿಗೆ ಬಿಡುವೇ ಇರುವುದಿಲ್ಲ. ಆಗಿಂದಾಗಲೇ ಕಟ್ಟಿ ನುಡಿಸುವ ಮನೋಧರ್ಮದ ಸಾಧನೆಗೆ ಉಳಿಯುವುದು ಮಳೆಗಾಲದ ತಿಂಗಳುಗಳು, ಮುಖ್ಯವಾಗಿ ತುಳುವರ ಆಟಿ (ಜುಲೈ-ಆಗಸ್ಟ್). ಕಚೇರಿಯ ದಾರಿ ಹಿಡಿಯಬೇಕೆನ್ನುವವರು ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿಗೂ ಆಕಾಶವಾಣಿಯ ಧ್ವನಿಪರೀಕ್ಷೆಗೂ ತಯಾರಾಗುವುದು ಈ ಬಿಡುವಿನಲ್ಲೇ. ಆಕಾಶವಾಣಿಯ ದರ್ಜೆ ಬಿ, ಬಿ-ಹೈ, ಎ, ಎ-ಟಾಪ್ ಎಂದು ಏರುತ್ತದೆ. ಸಂಗೀತ ಸಭೆಗಳವರು ಪರಿಚಯಪತ್ರದಲ್ಲಿ ಮೊದಲು ನೋಡುವುದೂ ಅದನ್ನೇ. ಪರೀಕ್ಷೆಯಲ್ಲಿ ಎಡವುವುದು ಕೃತಿಯಲ್ಲಲ್ಲ. ಮೈಕು, ಡೋಲು, ಜನಸಂದಣಿಯ ನಡುವೆ ಜೋರಾಗಿ ಊದಿ ಬಂದವರ ದನಿ ನಿಶ್ಶಬ್ದ ಸ್ಟುಡಿಯೊದಲ್ಲಿ ಒರಟಾಗಿ ಕೇಳುತ್ತದೆ, ಸಣ್ಣ ದನಿಯಲ್ಲಿ ಶ್ರುತಿ ನಿಲ್ಲುವುದಿಲ್ಲ. ಅಲ್ಲಿ ಅಳೆಯುವುದು ಬೆಳಗಿನ ಆ ಇಪ್ಪತ್ತು ನಿಮಿಷವನ್ನೇ.

ಮಳೆಗಾಲದ ಆರೈಕೆ

ಕರಾವಳಿಯ ತೇವ ಈ ವಾದ್ಯಕ್ಕೆ ಆಗುವುದಿಲ್ಲ. ತೊಗಲಿನ ಪ್ಯಾಡು ಉಬ್ಬುತ್ತದೆ, ಬೂಷ್ಟು ಹಿಡಿಯುತ್ತದೆ. ಉಪ್ಪುಗಾಳಿಗೆ ಹಿತ್ತಾಳೆ ಹಸಿರಾಗುತ್ತದೆ, ಸ್ಪ್ರಿಂಗಿನ ಸೂಜಿಗಳು ತುಕ್ಕು ಹಿಡಿದು ಕಚೇರಿಯ ನಡುವೆಯೇ ಮುರಿಯುತ್ತವೆ. ನುಡಿಸಿದ ಮೇಲೆ ರೀಡು ಬಿಚ್ಚಿ ಒರೆಸಿ ಚಪ್ಪಟೆ ಡಬ್ಬಿಯಲ್ಲಿಡಬೇಕು. ಕೊಳವೆಯೊಳಗೆ ಬಟ್ಟೆ ಎಳೆದು ನೀರು ತೆಗೆಯಬೇಕು. ಮೌತ್‌ಪೀಸನ್ನು ವಾರಕ್ಕೊಮ್ಮೆ ಉಗುರುಬೆಚ್ಚನೆ ನೀರಿನಲ್ಲಿ ತೊಳೆಯಬೇಕು, ಕುದಿವ ನೀರು ಹಾಕಿದರೆ ಎಬೊನೈಟ್ ಬಣ್ಣಗೆಡುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಸ್ವರ ಒಡೆಯುತ್ತಿದೆ, ಮಂದ್ರ ಬರುತ್ತಿಲ್ಲ ಎಂದರೆ ತುಟಿಯನ್ನು ದೂರುವ ಮೊದಲು ಕತ್ತಲೆ ಕೋಣೆಯಲ್ಲಿ ಕೊಳವೆಯೊಳಗೆ ಸಣ್ಣ ಎಲ್‌ಇಡಿ ದೀಪ ಇಳಿಸಿ ಒಂದೊಂದೇ ಕೀಲಿ ಒತ್ತಿ ನೋಡಿ. ಪ್ಯಾಡಿನ ಅಂಚಿನಲ್ಲಿ ಬೆಳಕು ಇಣುಕಿದರೆ ಅಲ್ಲಿ ಗಾಳಿ ಸೋರುತ್ತಿದೆ.

ಎಲ್ಲಕ್ಕಿಂತ ಹೆಚ್ಚು ಅಂಟಿಕೊಳ್ಳುವುದು ಎಡಗೈ ಕಿರುಬೆರಳಿನ ಜಿ-ಶಾರ್ಪ್ ಪ್ಯಾಡು. ಅದು ಸದಾ ಮುಚ್ಚಿಯೇ ಇರುವುದರಿಂದ ಎಂಜಲಿನ ತೇವ ಅಲ್ಲೇ ಒಣಗುತ್ತದೆ. ಕಪ್ಪು ಐದರ ಶ್ರುತಿಯವರಿಗೆ ಅದು ಶುದ್ಧ ರಿಷಭ. ಮಾಯಾಮಾಳವಗೌಳದ ಮೊದಲ ಹೆಜ್ಜೆಯಲ್ಲೇ ಕೈಕೊಡುತ್ತದೆ. ಸಿಗರೇಟು ಸುತ್ತುವ ತೆಳು ಕಾಗದವನ್ನು ಪ್ಯಾಡಿನಡಿ ಇಟ್ಟು, ಪ್ಯಾಡನ್ನು ಮೇಲಿನಿಂದ ಮೆಲ್ಲಗೆ ಒತ್ತಿ, ಆಮೇಲೆ ಕೀಲಿಯಿಂದ ಪ್ಯಾಡನ್ನು ಎತ್ತಿ ಕಾಗದ ತೆಗೆದರೆ ತೇವ ಅದಕ್ಕೆ ಹತ್ತುತ್ತದೆ. ಪ್ಯಾಡು ಒತ್ತಿಕೊಂಡಿರುವಾಗಲೇ ಎಳೆದರೆ ತೊಗಲು ಹರಿಯಬಹುದು. ದೇವಸ್ಥಾನದಲ್ಲಿ ಪಾಯಸದ ಊಟ ಮಾಡಿ ನೇರವಾಗಿ ವಾದ್ಯ ಹಿಡಿಯುವವರಿಗೆ ಈ ಕಾಟ ಇಮ್ಮಡಿ, ಬಾಯಿ ಮುಕ್ಕಳಿಸಿ ಕೂತರೆ ಅರ್ಧ ತಪ್ಪುತ್ತದೆ.